ಅಜ್ಜನ ಬೈಬಲಿನ ಅಂಚು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹೊಡೆತಕ್ಕೆ ಬರವಿರಲಿಲ್ಲ. ಅಪ್ಪನದು ಮೂಗಿನ ತುದಿಯ ಸಿಟ್ಟು. ಅವರ ಎಡಗೈ ಮೊಣಕೈ ಹತ್ತಿರ ಸೊಟ್ಟಗಿತ್ತು. ಸಣ್ಣವನಿದ್ದಾಗ ಮಾವಿನ ಮರದಿಂದ ಬಿದ್ದೆ ಎನ್ನುತ್ತಿದ್ದರು. ಬಲಗೈ ಮಾತ್ರ ಗಟ್ಟಿಮುಟ್ಟಾಗಿತ್ತು. ಅದರ ರುಚಿ ನನಗೂ ಅಕ್ಕನಿಗೂ ಚೆನ್ನಾಗಿ ಗೊತ್ತಿತ್ತು.

ನಾವಿದ್ದದ್ದು ಬೆಳಗಾವಿಯಲ್ಲಿ. ಅಜ್ಜ ಖಾನಾಪುರದಲ್ಲಿ, ಅಪ್ಪನ ತಮ್ಮ ಕಾಕಾನ ಜೊತೆ ಇದ್ದರು. ಹಂಚಿನ ಕಾರ್ಖಾನೆಯಲ್ಲಿ ದುಡಿದ ಜೀವ. ದಿನಾ ಸಂಜೆ ಬೈಬಲ್ ಓದಿ, ಪುಟದ ಅಂಚಿನಲ್ಲಿ ಗಿಡ್ಡ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದರು. ಯಾರಿಗೂ ತೋರಿಸುತ್ತಿರಲಿಲ್ಲ. ಹಾಳೆಹಾಳೆಗೂ ಅವರ ಹೆಬ್ಬೆರಳಿನ ಕೆಮ್ಮಣ್ಣಿನ ಗುರುತಿತ್ತು.

ಅಜ್ಜನನ್ನು ಮಣ್ಣು ಮಾಡಿದ ಮೂರನೆಯ ದಿನ, ಖಾನಾಪುರದಿಂದ ಬೆಳಗಾವಿಗೆ ಹೊರಟ ಅಪ್ಪ ಆ ಬೈಬಲನ್ನು ಕಂಕುಳಲ್ಲಿ ಇಟ್ಟುಕೊಂಡರು. ಕಾಕಾ ಬಾಗಿಲಿಗೆ ಅಡ್ಡ ನಿಂತರು.

"ಅದನ್ನ ಅಲ್ಲೇ ಇಡು ಅಣ್ಣಾ. ಅಪ್ಪ ಹಾಸಗಿ ಹಿಡದಾಗ ಉಚ್ಚಿ ಬಳದಾಂವ ನಾ."

"ಹಿರೇ ಮಗ ನಾನು. ಬಾಜು ಸರಿ."

ಕಾಕಾ ಸರಿಯಲಿಲ್ಲ. ಅಪ್ಪನ ಮುಷ್ಟಿ ಅವರ ಬಾಯಿಗೆ ಬಿತ್ತು. ಕಾಕಾ ಅಂಗಳದ ಹಂಚೊಂದನ್ನು ಎತ್ತಿ ಅಪ್ಪನ ತಲೆಗೆ ಅಪ್ಪಳಿಸಿದರು. ಹಂಚೂ ಒಡೆಯಿತು, ತಲೆಯೂ ಒಡೆಯಿತು. ನಡುವೆ ನುಗ್ಗಿ ಅಪ್ಪನ ಕೈ ಕಚ್ಚಿದ ಅಕ್ಕ ಗೋಡೆಗೆ ಹೋಗಿ ಬಿದ್ದಳು. ಬೈಬಲಿನ ಒಂದೊಂದು ರಟ್ಟು ಅಣ್ಣ ತಮ್ಮ ಒಬ್ಬೊಬ್ಬರ ಕೈಗೆ ಸಿಕ್ಕಿತ್ತು. ಹೊಲಿಗೆಯ ದಾರ ಪಟಪಟನೆ ಕಿತ್ತ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಮೊದಲಿನ ಅರ್ಧ ಕಾಕಾನಿಗೆ ಉಳಿಯಿತು, ಕೊನೆಯ ಅರ್ಧ ಅಪ್ಪನಿಗೆ.

ರೈಲಿನಲ್ಲಿ ಅಪ್ಪ ತಲೆಗೆ ಟವೆಲ್ ಒತ್ತಿಕೊಂಡು ಕೂತಿದ್ದರು. ಅಕ್ಕನ ತುಟಿ ಊದಿತ್ತು. ಆದರೂ ಆಕೆ ಆ ಅರ್ಧ ಪುಸ್ತಕ ತೆರೆದು, ಅಂಚಿನಲ್ಲಿದ್ದ ಅಜ್ಜನ ಬರಹವನ್ನು ಗಟ್ಟಿಯಾಗಿ ಓದಿದಳು.

"ದೊಡ್ಡ ಮಗನ ಕೈ ನೋಡಿದಾಗೆಲ್ಲಾ ಊಟ ಸೇರೂದಿಲ್ಲ. ಖರೇ ಏನಾತು ಅನ್ನೂದನ್ನ ಮೊದಲಿನ ಭಾಗದಾಗ, ಅಣ್ಣ ತಮ್ಮನ್ನ ಕೊಂದ ಪುಟದಾಗ ಬರದೇನಿ."

"ಅಪ್ಪಾ, ನೀ ಮರದಿಂದ ಬಿದ್ದಿದ್ದು ಖರೇ ಅಲ್ಲೇನು?" ಎಂದು ಅಕ್ಕ ಕೇಳಿದಳು.

ನಡುವಿನ ದೇಸೂರ ಸ್ಟೇಷನ್ ಬಂದದ್ದೇ ತಡ, ಅಪ್ಪ "ಇಳೀರಿ" ಎಂದರು. ಎದುರಿನಿಂದ ಬಂದ ಗಾಡಿ ಹತ್ತಿ ಮತ್ತೆ ಖಾನಾಪುರಕ್ಕೆ ಹೋದೆವು.

ಕಾಕಾ ಬಡಿಗೆ ಹಿಡಿದೇ ಎದ್ದರು. "ಉಳಿದದ್ದನ್ನೂ ಒಯ್ಯಾಕ ಬಂದ್ಯಾ?"

"ಒಂದ ಪುಟ ನೋಡ್ತೀನಿ. ಆಮ್ಯಾಲೆ ಬೇಕಾದ್ರ ಹೊಡಿ."

ಅಕ್ಕ ಪುಟ ಹುಡುಕಿಕೊಟ್ಟಳು. ಅಪ್ಪನೇ ಓದಿದರು, ತಡೆದು ತಡೆದು.

"ದೊಡ್ಡಾಂವ ಇವತ್ತ ಸಣ್ಣಾಂವನ ಹಲ್ಲು ಮುರದ. ನಾ ಬಡಿಗಿ ತಗೊಂಡು ದೊಡ್ಡಾಂವನ ಕೈ ಮುರದೆ. ಮರದಿಂದ ಬಿದ್ದೆ ಅಂತ ಹೇಳು ಅಂದೆ. ಈ ಕಥಿ ಓದಿ ಮಕ್ಕಳಿಗೆ ಬುದ್ಧಿ ಹೇಳೂಣು ಅಂದ್ರ, ಕೊಂದಾಂವನ ಮಾರಿ ನಂದ ಕಂಡತು."

"ಅಪ್ಪಗ ಮರ್ತಹೋಗೇತಿ ಅಂತ ತಿಳಕೊಂಡಿದ್ದೆ" ಎಂದು ಅಪ್ಪ ಬಿಕ್ಕಿ ಬಿಕ್ಕಿ ಅತ್ತರು. ನಾನು ಅಪ್ಪ ಅಳುವುದನ್ನು ಕಂಡದ್ದು ಅದೇ ಮೊದಲು. ಹೊಡೆತಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಕಾಕಾ ಬಡಿಗೆಯನ್ನು ಗೋಡೆಗೆ ಒರಗಿಸಿ, ಅಪ್ಪನ ಗಾಯಕ್ಕೆ ಅರಿಶಿಣ ತರಲು ಒಳಗೆ ಹೋದರು.

ಆ ಎರಡು ಅರ್ಧಗಳನ್ನು ಯಾರೂ ಹೊಲಿಸಲಿಲ್ಲ. ಪೂರ್ತಿ ಓದಬೇಕಾದರೆ ಅಣ್ಣ ತಮ್ಮ ಒಬ್ಬರ ಮನೆಗೆ ಒಬ್ಬರು ಹೋಗಲೇಬೇಕಿತ್ತು. ಅಪ್ಪನ ಕೈ ಒಂದೇ ದಿನಕ್ಕೆ ಸುಮ್ಮನಾಯಿತು ಎಂದರೆ ಸುಳ್ಳಾದೀತು. ಆದರೆ ನಮಗೆ ಹೊಡೆದ ದಿನ ಅವರೂ ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಬರಬರುತ್ತಾ ಬರೆಯುವುದು ಕಡಿಮೆಯಾಯಿತು.

ಮಕ್ಕಳೇ, ನಿಮ್ಮ ಬೈಬಲ್ ಈಗ ಮೊಬೈಲಿನಲ್ಲಿದೆ. ಇಷ್ಟವಾದ ಸಾಲಿಗೆ ಹಳದಿ ಬಣ್ಣ ಹಚ್ಚುತ್ತೀರಿ. ಹರಿಯುವ ಭಯವಿಲ್ಲ, ಒಳ್ಳೆಯದೇ. ದೇವರ ಮಾತು ಅದರಲ್ಲೂ ಅದೇ, ನನ್ನ ಕಪಾಟಿನ ಹರಿದ ಅರ್ಧದಲ್ಲೂ ಅದೇ. ಆದರೆ ಆ ಮಾತಿನ ಎದುರು ಸುಳ್ಳು ಹೇಳಲಾಗದೆ ಸೋತ ನಮ್ಮವರು ಇರುವುದು ಈ ಅಂಚಿನಲ್ಲಿ. ಇಲ್ಲಿ ಇನ್ನೂ ಸ್ವಲ್ಪ ಜಾಗವಿದೆ. ಮೊನ್ನೆ ಕನ್ನಡಕ ಮುರಿದದ್ದಕ್ಕೆ ನಿಮ್ಮಲ್ಲಿ ಸಣ್ಣವನ ಕೆನ್ನೆಗೆ ಬಾರಿಸಿದೆನಲ್ಲ, ಅದನ್ನು ಬರೆದಿಟ್ಟಿದ್ದೇನೆ. ಬಂದು ಓದಿ.