ಒಬ್ಬಳೇ ವಿದ್ಯಾರ್ಥಿನಿಯ ಮಾನವಶಾಸ್ತ್ರ

ಮಾನವಶಾಸ್ತ್ರ ಪಾಠ ಮಾಡುತ್ತೇನೆ ಎಂದರೆ ಹೆಚ್ಚಿನವರಿಗೆ ಅದು ಮನಶ್ಶಾಸ್ತ್ರ ಎಂದೇ ಕೇಳಿಸುತ್ತದೆ. ಬಿಳೇಕಹಳ್ಳಿಯ ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವರು ನನ್ನನ್ನು ಪಕ್ಕಕ್ಕೆ ಕರೆದು, ಮಗಳಿಗೆ ನಿದ್ದೆ ಬರುತ್ತಿಲ್ಲ, ಏನು ಮಾಡೋಣ ಎಂದು ಕೇಳಿದ್ದಾರೆ. ಔಷಧಿ ಮಾರುವವರು ಅವರು! ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ, ಮಲಗುವಾಗ ಮೊಬೈಲ್ ಕೊಡಬೇಡಿ ಎಂದು ಹೇಳಿ ಮುಂದೆ ಹೋಗುವುದು ರೂಢಿಯಾಯಿತು.

ಜಯನಗರದ ಕಾಲೇಜಿನಲ್ಲಿ ನನ್ನ ವಿಭಾಗ ಎಂದರೆ ನಾನೇ. ಜೊತೆಗಿದ್ದವರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಕುರ್ಚಿಯನ್ನು ಕಾಮರ್ಸ್‌ನವರು ಎತ್ತಿಕೊಂಡು ಹೋದರು. ಕಳೆದ ವರ್ಷ ಸೇರಿದ್ದು ಒಬ್ಬಳೇ ಹುಡುಗಿ, ಬಿಟಿಎಂ ಲೇಔಟ್‌ನ ಪಿಜಿಯಲ್ಲಿದ್ದು ಓದುತ್ತಿದ್ದವಳು. ಅವಳೂ ಬಿಟ್ಟರೆ ವಿಷಯವನ್ನೇ ಮುಚ್ಚುತ್ತೇವೆ ಎಂದು ಪ್ರಿನ್ಸಿಪಾಲರು ಹೇಳಿದ್ದರು.

ಮೊದಲ ದಿನವೇ ಅವಳು ಕೇಳಿದಳು: "ಮೇಡಂ, ಡಿಪ್ರೆಶನ್ ಚಾಪ್ಟರ್ ಯಾವಾಗ ಬರುತ್ತೆ?"

ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. "ನೀನು ಸೇರ್ಬೇಕಿದ್ದು ಮನಶ್ಶಾಸ್ತ್ರಕ್ಕಾ?"

"ಇದು ಅದೇ ಅಲ್ವಾ ಮೇಡಂ?"

ಅಲ್ಲ ಎಂದೆ. ವಿಷಯ ಬದಲಿಸಿಕೊಳ್ಳಲು ವಾರದ ಕೊನೆಯವರೆಗೆ ಅವಕಾಶವಿದೆ ಎಂದೂ ಹೇಳಿದೆ. ಆದರೆ ಆ ವಾರ ಪಾಠ ಮಾಡಿದ ಹಾಗೆ ನಾನು ಎಂದೂ ಮಾಡಿರಲಿಲ್ಲ. ಎಲ್ಲೋ ದೂರದ ದ್ವೀಪಗಳ ಬಗ್ಗೆಯೇ ಹೇಳುವ ಇಂಗ್ಲಿಷ್ ಪುಸ್ತಕಗಳನ್ನು ಬದಿಗಿಟ್ಟು, ಸುದ್ದಗುಂಟೆಪಾಳ್ಯದ ಮನೆಗಳಲ್ಲಿ ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂಬುದರಿಂದ ಶುರುಮಾಡಿದೆ. ಮನೆಯಲ್ಲೂ ನಾನೊಬ್ಬಳೇ. ಆಟೋದವರ ಜೊತೆಗಿನ ಜಗಳ ಬಿಟ್ಟರೆ ದಿನಕ್ಕೆ ಅವಳೊಬ್ಬಳ ಜೊತೆಗಷ್ಟೇ ಮಾತು. ಅವಳು ಉಳಿಯಲಿ ಎಂದು ಮನಸ್ಸು ಗೋಗರೆಯುತ್ತಿತ್ತು.

ಶನಿವಾರ ಬಂಧುತ್ವದ ಪಾಠ. ಅಪ್ಪನ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಇಬ್ಬರಿಗೂ ಒಂದೇ ಪದ ಯಾಕೆ ಎಂದು ಕೇಳಿದೆ.

"ಅಂದ್ರೆ ಮೊದ್ಲು ಅಪ್ಪನ ತಂಗಿ ಮಗನ್ನೇ ಮದ್ವೆ ಆಗ್ತಿದ್ರಾ?" ಎಂದಳು.

ನನಗೆ ಕುಣಿಯುವಷ್ಟು ಖುಷಿ. ಬಂಧುಗಳ ನಕ್ಷೆ ಬರೆಯಲು ಹೇಳಿದೆ. "ನಮ್ಮ ಪಿಜಿ ಓನರ್ ಎಲ್ರಿಗೂ ಆಂಟಿ. ಅವ್ರನ್ನ ಎಲ್ಲಿ ಹಾಕ್ಲಿ ಮೇಡಂ?" ಎಂದು ನಕ್ಕಳು. ಇಬ್ಬರೂ ನಕ್ಕೆವು. ಇವಳು ಉಳಿಯುತ್ತಾಳೆ ಎಂದುಕೊಂಡೆ.

ಬೆಲ್ ಆಯಿತು. ಬ್ಯಾಗಿಗೆ ಪುಸ್ತಕ ತುಂಬುತ್ತಾ ತಲೆ ತಗ್ಗಿಸಿಕೊಂಡೇ ಹೇಳಿದಳು: "ಸೈಕಾಲಜಿಗೆ ಸೀಟ್ ಸಿಕ್ತು ಮೇಡಂ. ನಿಮ್ಮ ಕ್ಲಾಸ್ ಸಖತ್ತಾಗಿತ್ತು. ಆದ್ರೆ ನಂಗೆ ಅದನ್ನೇ ಓದ್ಬೇಕು ಅಂತ ಆಸೆ."

"ಒಳ್ಳೇದಾಯ್ತಮ್ಮ, ಚೆನ್ನಾಗಿ ಓದು" ಎಂದೆ.

"ಬರ್ತೀನಿ ಮೇಡಂ" ಎಂದು ಹೊರಟಳು.

ನಮ್ಮಲ್ಲಿ ಹೊರಟವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಅದು ಅಪಶಕುನ ತಪ್ಪಿಸುವ ಮಾತಷ್ಟೇ, ತಿರುಗಿ ಬರುತ್ತಾರೆ ಎಂದಲ್ಲ ಎಂದು ವರ್ಷವರ್ಷವೂ ಪಾಠ ಮಾಡಿದವಳು ನಾನು. ಸೋಮವಾರ ಬೆಳಿಗ್ಗೆ ಅದೇ ಕೊಠಡಿಗೆ ಹೋಗಿ, ಬೋರ್ಡ್ ಒರೆಸಿ, ಬಾಗಿಲು ತೆರೆದಿಟ್ಟು ಕೂತಿದ್ದೆ.