ಹದಿನೆಂಟು ಸಲ ಮೇಲಕ್ಕೆ

ಮಾನ್ವಿಯ ಆ ಅಕ್ಕಿ ಗಿರಣಿಯಲ್ಲಿ ಹೆಂಗಸರಿಗೆ ಎರಡೇ ಕೆಲಸ. ಬುಟ್ಟಿ ಹೊರಬೇಕು, ಇಲ್ಲವೆ ಕಸ ಗುಡಿಸಬೇಕು. ದೇವದುರ್ಗದ ಕಡೆಯ ಜಾಲಹಳ್ಳಿಯಿಂದ ಬಂದಿದ್ದ ರೇಣುಕಮ್ಮ ಒಬ್ಬಳೇ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಆ ಕುರ್ಚಿಗೆ ಬರಲು ಆಕೆಗೆ ಒಂಬತ್ತು ವರ್ಷ ಹಿಡಿದಿತ್ತು. ಅದು ಕೈಬಿಟ್ಟರೆ ಮತ್ತೆ ಬುಟ್ಟಿಯೇ ಗತಿ ಎಂಬುದನ್ನು ಆಕೆಯ ಸೊಂಟನೋವು ದಿನವೂ ನೆನಪಿಸುತ್ತಿತ್ತು.

ಆ ಯಂತ್ರ ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು, ಹರಳುಗಳನ್ನು ಕೆಳಗಿನ ಕೋಣೆಗೆ ಇಳಿಯುವ ಬೇರೆ ಕೊಳವೆಗೆ ಊದಿಬಿಡುತ್ತದೆ; ಅದು ಕೋಳಿ ಮೇವಿಗೆ ಹೋಗುತ್ತದೆ. ಎಷ್ಟು ಬಿಗಿಯಾಗಿ ಆರಿಸಬೇಕೆಂಬುದನ್ನು ಒಂದು ಅಂಕಿ ಹೇಳುತ್ತದೆ; ಅಂಕಿ ಅತಿಯಾದರೆ ಒಳ್ಳೆಯ ಅಕ್ಕಿಯೂ ಆ ಕೊಳವೆಗೇ ಹೋಗುತ್ತದೆ. ಅಂಕಿ ಮೂಡುವ ಪರದೆಯ ಮೂಲೆ ಎಂದೋ ಸುಟ್ಟುಹೋಗಿತ್ತು. ಹಾಗಾಗಿ ಮೊದಲು ಅಲ್ಲಿ ಕೂರುತ್ತಿದ್ದ ಕುತುಬುದ್ದೀನ್ ಚಾಚಾ ಆಕೆಗೆ ಎಣಿಕೆ ಕಲಿಸಿದ್ದ. ಯಂತ್ರ ಹಚ್ಚಿದಾಗಲೆಲ್ಲ ಅಂಕಿ ಸೊನ್ನೆಯಿಂದ ಶುರುವಾಗುತ್ತದೆ; ಮೇಲಿನ ಗುಂಡಿ ಒತ್ತಿದರೆ ಒಂದು ಏರುತ್ತದೆ, ಕೆಳಗಿನದು ಒತ್ತಿದರೆ ಒಂದು ಇಳಿಯುತ್ತದೆ. ಸೋನಾ ಮಸೂರಿಗೆ ಮೇಲಿನ ಗುಂಡಿ ಹದಿನೆಂಟು ಸಲ. ರೇಣುಕಮ್ಮನ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಸೋಮವಾರ ರಾಯಚೂರಿನಿಂದ ಯಂತ್ರದ ಕಂಪನಿಯ ಕೊಟ್ರೇಶ ಪೆನ್‌ಡ್ರೈವ್ ಹಿಡಿದು ಬಂದು ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕಿದ. ಎಣಿಕೆಯಲ್ಲಿ ಏನಾದರೂ ಬದಲಾಗಿದೆಯೇ ಎಂದು ಆಕೆ ಕೇಳಿದಳು. ಅವನು ಬಸ್ಸಿನ ವೇಳೆ ನೋಡುತ್ತಿದ್ದ. ಆಕೆ ಇನ್ನೊಮ್ಮೆ ಕೇಳಿದಳು.

"ಎಲ್ಲಾ ಮೊದಲಿನಂಗ ಅದ ಅಕ್ಕಾರ. ಶುರುವಿಗೆ ಏನೋ ಇಂಗ್ಲಿಷ್ ಬರ್ತದ. ತಲಿ ಕೆಡಿಸ್ಕೋಬ್ಯಾಡ್ರಿ, ಹಸಿರು ಗುಂಡಿ ಒತ್ರಿ."

ಮರುದಿನ ಆಕೆ ಹಸಿರು ಗುಂಡಿ ಒತ್ತಿದಳು. ಹದಿನೆಂಟು ಎಣಿಸಿದಳು. ಸ್ವಲ್ಪ ಹೊತ್ತಿನಲ್ಲೇ ಒಳ್ಳೆಯ ಅಕ್ಕಿಯ ಧಾರೆ ತೆಳುವಾಯಿತು. ತನ್ನ ಬೆರಳೇ ತಪ್ಪಿರಬೇಕೆಂದು ಯಂತ್ರ ನಿಲ್ಲಿಸಿ, ಮತ್ತೆ ಹಸಿರು ಒತ್ತಿ, ಈ ಸಲ ಬಾಯಿಬಿಟ್ಟು ಎಣಿಸಿದಳು. ಮೂರನೆಯ ಸಲ ಬೆರಳಗೆಣ್ಣು ಹಿಡಿದು ಎಣಿಸಿದಳು. ಅಷ್ಟರಲ್ಲಿ ಕೆಳಗಿನ ಕೋಣೆಯಲ್ಲಿ ಒಳ್ಳೆಯ ಅಕ್ಕಿ ಹರಳಿನೊಂದಿಗೆ ಬೆರೆತು, ಕೋಳಿ ಮೇವಿನ ಅರವತ್ತು ಚೀಲ ತುಂಬಿತ್ತು.

ಗಿರಣಿಯ ಮಾಲೀಕ ಬಸವಲಿಂಗ ಬಂದು, ಎಲ್ಲರಿಗೂ ಕೇಳುವಂತೆ ಕೊಟ್ರೇಶನಿಗೆ ಫೋನ್ ಹಚ್ಚಿದ.

"ಈಗ ಐವತ್ತರಿಂದ ಶುರು ಆಗ್ತದ, ಹಳೇ ಲೆಕ್ಕ ನಡಿಯಂಗಿಲ್ಲ ಅಂತ ಪರದಿ ಮ್ಯಾಲ ಬರದದ್ರೀ ಸಾವ್ಕಾರ್ರ," ಎಂದ ಕೊಟ್ರೇಶ. "ಆಕಿ ಹಸಿರು ಗುಂಡಿ ಒತ್ಯಾಳಂದ್ರ ಓದಿ ಒಪ್ಪಿದಂಗ."

ಒತ್ತಲು ಹೇಳಿದವನು ನೀನೇ ಅಲ್ಲವೇ ಎಂದು ರೇಣುಕಮ್ಮ ಕೇಳುವಷ್ಟರಲ್ಲಿ ಫೋನ್ ಕಟ್ಟಾಯಿತು.

ಬಸವಲಿಂಗ ಹಮಾಲರನ್ನೂ ಹೆಂಗಸರನ್ನೂ ಕರೆಸಿ ನಿಲ್ಲಿಸಿದ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಮೂಡಿದವು.

"ಏಳನೇತ್ತಾ ಪಾಸ್ ಅಂದಿದ್ದಿ ಅಲ್ಲ? ಓದು, ಎಲ್ಲಾರೂ ಕೇಳಲಿ."

ಆಕೆ ಕಲಿತದ್ದು ಕನ್ನಡ. ಊಟದ ಹೊತ್ತಿಗೆ ಉಳಿದ ಹೆಂಗಸರಿಗೆ ಪತ್ರಿಕೆ ಓದಿ ಹೇಳುತ್ತಿದ್ದವಳೂ ಆಕೆಯೇ. ಓದುವ ತನಕ ಯಾರೂ ಬುತ್ತಿ ಬಿಚ್ಚುವಂತಿಲ್ಲ ಎಂದ ಬಸವಲಿಂಗ. ಹತ್ತು ನಿಮಿಷ ಕಳೆಯಿತು.

"ಯವ್ವಾ, ಏನರ ಒಂದು ಅಂದ್ಬಿಡಬೇ, ಹೊಟ್ಟಿ ಹಸ್ದದ," ಎಂದಳು ಹಿಂದಿನಿಂದ ಒಬ್ಬಳು. ದಿನವೂ ಪತ್ರಿಕೆ ಕೇಳಲು ಮುಂದೆ ಬಂದು ಕೂರುತ್ತಿದ್ದವಳೇ ಅವಳು.

ರೇಣುಕಮ್ಮ ಸಾಲುಗಳ ಕೊನೆಯಲ್ಲಿದ್ದ ಎರಡು ಅಕ್ಷರಗಳ ಕೆಳಗೆ ಬೆರಳಿಟ್ಟು, "ಓಕೆ," ಎಂದಳು.

ಹಮಾಲರು ಗೋಡೆ ಹಿಡಿದು ನಕ್ಕರು. ಬಸವಲಿಂಗನೂ ನಕ್ಕ. ನಗುತ್ತಲೇ ಕುರ್ಚಿಯನ್ನು ಕಾಲಿನಿಂದ ಅತ್ತ ಸರಿಸಿದ. "ಇಷ್ಟು ಓದಾಕ ಕುರ್ಚಿ ಯಾಕ ಬೇಕು ನಿನಗ? ಹೋಗು, ಕಸಬರಿಗಿ ಹಿಡಿ."

ಗುರುವಾರ ಆ ಕುರ್ಚಿಯಲ್ಲಿ ಗಿಲ್ಲೆಸುಗೂರಿನ ಮುದುಕಪ್ಪ ಕೂತಿದ್ದ. ಅವನಿಗೆ ಕಲಿಸಿಕೊಡಲು ಕೊಟ್ರೇಶನೇ ರಾಯಚೂರಿನಿಂದ ಬಂದ.

"ಐವತ್ತರಿಂದ ಶುರು ಆಗ್ತದ. ಸೋನಾ ಮಸೂರಿಗೆ ಕೆಳಗಿನ ಗುಂಡಿ ಮೂವತ್ತೆರಡು ಸಲ," ಎಂದು ಅಚ್ಚ ಕನ್ನಡದಲ್ಲಿ ಹೇಳಿದ. ಮುದುಕಪ್ಪನ ಬಾಯಿಂದಲೂ ಅದನ್ನೇ ಎರಡು ಸಲ ಹೇಳಿಸಿದ. ಎಲ್ಲಾ ಸೇರಿ ಅರ್ಧ ನಿಮಿಷವೂ ಹಿಡಿಯಲಿಲ್ಲ.

ರೇಣುಕಮ್ಮ ಅಲ್ಲೇ ಹೊಟ್ಟು ಗುಡಿಸುತ್ತಿದ್ದಳು. ಕಸಬರಿಗೆ ಹತ್ತಿರ ಬಂದಾಗ ಕೊಟ್ರೇಶ ತಿರುಗಿ ನೋಡದೆ ಒಂದು ಕಾಲೆತ್ತಿದ. ಆಕೆ ಅದರ ಕೆಳಗೆ ಗುಡಿಸಿದಳು. ಅವನು ಇನ್ನೊಂದು ಕಾಲೆತ್ತಿದ.