ರೆಕಾರ್ಡಿನಲ್ಲಿ ಸಿಗದ ಮಾತು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ನನ್ನ ತಂದೆ ಮಡಿಕೇರಿಯ ಒಂದು ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು. ತೀರಿಹೋದ ಅತ್ತೆ ಕನಸಿನಲ್ಲಿ ಬಂದು ನೀರು ಕೇಳಿದರೆಂದೋ, ಯಾರೂ ಇಲ್ಲದ ಕೋಣೆಯಲ್ಲಿ ಬಳೆ ಸದ್ದಾಯಿತೆಂದೋ ಹೇಳಿಕೊಂಡು ಜನ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ತಾಳ್ಮೆಯಿಂದ ಕೇಳಿ ಪ್ರಸಾದ ಕೊಟ್ಟು ಕಳಿಸುತ್ತಿದ್ದರು. ನಾನು ಒಳಗೆ ಕೂತು ನಗುತ್ತಿದ್ದೆ. ಮೈಸೂರಿಗೆ ಹೋಗಿ ಆಪ್ತಸಮಾಲೋಚನೆಯಲ್ಲಿ ಎಂ.ಎಸ್ಸಿ. ಸೇರಿದ ಮೇಲಂತೂ ನಗುವುದಕ್ಕೆ ಕಾರಣವೂ ಸಿಕ್ಕಿತು. ಸತ್ತವರ ದನಿ ಉಳಿದವರಿಗೆ ಕೇಳಿಸುವುದು ದುಃಖದ ಒಂದು ಸಾಮಾನ್ಯ ಲಕ್ಷಣ ಎಂದು ನಮ್ಮ ಪಾಠದಲ್ಲೇ ಇತ್ತು. ಪರೀಕ್ಷೆಯಲ್ಲಿ ಅದರ ಮೇಲೆ ಎರಡು ಪುಟ ಬರೆದಿದ್ದೆ. ಎದುರಿನ ಕುರ್ಚಿಯಲ್ಲಿ ಕೂತ, ಸತ್ತವರನ್ನು ಬದುಕಿದ್ದಾಗ ಕಂಡೇ ಇರದ ಹುಡುಗಿಯೊಬ್ಬಳಿಗೆ ಕೇಳಿಸಿದರೆ ಅದಕ್ಕೆ ಏನೆನ್ನಬೇಕು ಎಂದು ಮಾತ್ರ ಆ ಪಾಠದಲ್ಲಿ ಇರಲಿಲ್ಲ.

ಎರಡನೆಯ ವರ್ಷ ನಾವೆಲ್ಲ ನಾಲ್ಕು ತಿಂಗಳು ಎಲ್ಲಾದರೂ ನಿಜವಾದ ಜನರೊಂದಿಗೆ ಕೆಲಸ ಮಾಡಬೇಕಿತ್ತು. ನಾನು ಊರನ್ನೇ ಕೇಳಿ ಪಡೆದೆ. ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಔಷಧಿ ಡಬ್ಬ ತುಂಬಿಡುತ್ತಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿಕೊಟ್ಟರು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಸಣ್ಣ ಮೇಜು, ಗೋಡೆ ಗಡಿಯಾರ. ಆ ಗಡಿಯಾರದ ಟಿಕ್ ಟಿಕ್ ಬಹಳ ಜೋರು. ಎದುರಿನವರ ಒಪ್ಪಿಗೆ ಇದ್ದರೆ ಮಾತುಕತೆಯನ್ನು ರೆಕಾರ್ಡ್ ಮಾಡಿಕೊಂಡು, ಮನೆಗೆ ಹೋಗಿ ಪ್ರತಿ ಮಾತನ್ನೂ ಅಕ್ಷರಕ್ಕೆ ಇಳಿಸಬೇಕು. ಮೌನವಿದ್ದರೆ ಎಷ್ಟು ಸೆಕೆಂಡು ಎಂದು ಬರೆಯಬೇಕು. ವಾರಕ್ಕೊಮ್ಮೆ ಮೈಸೂರಿನಿಂದ ನಮ್ಮ ಮಾರ್ಗದರ್ಶಕಿ ಬರುತ್ತಿದ್ದರು. ನಾವು ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಅವರು ನಾನು ಬರೆದದ್ದನ್ನು ಓದಿ, ರೆಕಾರ್ಡ್ ಕೇಳಿ, ಎಲ್ಲಿ ಅವಸರ ಮಾಡಿದೆ, ಎಲ್ಲಿ ಬುದ್ಧಿವಾದ ಹೇಳಿದೆ ಎಂದು ತೋರಿಸುತ್ತಿದ್ದರು. ನನ್ನ ದೊಡ್ಡ ದೋಷ ಮೌನವನ್ನು ಸಹಿಸದಿರುವುದು. ಯಾರಾದರೂ ಅರ್ಧ ನಿಮಿಷ ಸುಮ್ಮನಾದರೆ ನಾನೇ ಏನಾದರೂ ಹೇಳಿಬಿಡುತ್ತಿದ್ದೆ. “ಅವರ ಮಾತನ್ನು ನೀನು ಆಡಬೇಡ” ಎಂದು ಮೇಡಂ ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದರೋ.

ಆ ಸಮಯದಲ್ಲಿ ನನ್ನ ಬಳಿ ಬಂದವರು ಕುಶಾಲಪ್ಪನವರು. ಹೆಸರು ಬದಲಿಸಿದ್ದೇನೆ. ಅವರ ಮಗಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅರವತ್ತೈದರ ಆಸುಪಾಸು, ಗಾಳಿಬೀಡಿನ ಕಡೆಯವರು, ಅರೆಭಾಷೆ ಮಾತಾಡುವ ಗೌಡರು. ಸ್ವಲ್ಪ ಕಾಫಿ, ಏಲಕ್ಕಿ, ಎರಡು ಹಸು ಇದ್ದವು. ಗುಡ್ಡ ಜರಿದ ಆ ಮಳೆಗಾಲದಲ್ಲಿ ಮನೆಯೂ ಹೋಯಿತು, ಹೆಂಡತಿಯೂ ಹೋದರು. ಆ ಮಳೆಗಾಲ ಯಾವುದು ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವರು ಮಡಿಕೇರಿಯಲ್ಲಿ ಸರ್ಕಾರಿ ಕೆಲಸದಲ್ಲಿದ್ದ ಮಗಳು ಜಯಂತಿಯ ಮನೆಯಲ್ಲಿದ್ದರು. ಜಯಂತಿಗೆ ಆಗ ಮೂವತ್ತೈದಿರಬಹುದು. ಗುರುವಾರ ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಹೇಳಿ ಬಂದು, ಆಟೊದಲ್ಲಿ ತಂದೆಯನ್ನು ಕರೆತಂದು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ಮೊದಲ ದಿನವೇ ಅವಳು ನನಗೆ ವಿವರ ಹೇಳಿದಳು. ಓಡಿಬರುವಾಗ ಅಪ್ಪ ಅವ್ವನ ಕೈ ಹಿಡಿದುಕೊಂಡೇ ಇದ್ದರಂತೆ. ಮಣ್ಣು ಬಂದು ಕೈಯಿಂದಲೇ ಕಿತ್ತುಕೊಂಡಿತಂತೆ. “ಕಡೇ ಗಳಿಗೆವರೆಗೂ ಕೈ ಬಿಡ್ಲಿಲ್ಲಲ್ಲ ಮೇಡಂ, ಅದೊಂದೇ ನಂಗೆ ಸಮಾಧಾನ. ಅಪ್ಪನಿಗೂ ಅದನ್ನೇ ಹೇಳ್ತಿರ್ತೇನೆ” ಎಂದಳು.

ಕುಶಾಲಪ್ಪನವರು ಮಾತ್ರ ಮಾತಾಡುತ್ತಿರಲಿಲ್ಲ. ಊಟ ಆಯಿತೇ ಎಂದರೆ ತಲೆಯಾಡಿಸುತ್ತಿದ್ದರು. ನಿದ್ದೆ ಎಂದರೆ ಕೈ ಮಗುಚುತ್ತಿದ್ದರು. ರೆಕಾರ್ಡ್ ಮಾಡಲು ಸಹಿ ಹಾಕಿದರು. ರೆಕಾರ್ಡ್ ಆಗುವಂಥದ್ದು ಏನೂ ಇರಲಿಲ್ಲ. ಐದು ಗುರುವಾರ ನಾವಿಬ್ಬರೂ ಹಾಗೆ ಕೂತೆವು. ನಾನು ನಾಲಗೆ ಕಚ್ಚಿಕೊಂಡು ಮೌನ ಕಲಿಯುತ್ತಿದ್ದೆ. ಅವರು ಹೆಬ್ಬೆರಳಿನಿಂದ ಅಂಗೈ ಉಜ್ಜಿಕೊಳ್ಳುತ್ತ ಕಿಟಕಿಯಾಚೆ ನೋಡುತ್ತಿದ್ದರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು “ಬರ್ತೆ ಮಿಸ್” ಎನ್ನುತ್ತಿದ್ದರು. ಅಷ್ಟೆ.

ಆರನೆಯ ಗುರುವಾರವೂ ಹಾಗೆಯೇ ಶುರುವಾಯಿತು. ಬಿಸಿಲಿತ್ತು. ಆಸ್ಪತ್ರೆ ಅಂಗಳದಲ್ಲಿ ಆಟೊಗಳ ಸದ್ದು, ಯಾರೋ ನರ್ಸ್ ಯಾರದೋ ಹೆಸರು ಕೂಗುತ್ತಿದ್ದದ್ದು ಎಲ್ಲ ನನಗೆ ನೆನಪಿದೆ. ನಾನು ಅವರ ಕೈ ನೋಡುತ್ತ ಕೂತಿದ್ದೆ. ತಲೆಯಲ್ಲಿ ಯಾವ ವಿಚಾರವೂ ಇರಲಿಲ್ಲ. ಆಗ, ಯಾವ ಮುನ್ಸೂಚನೆಯೂ ಇಲ್ಲದೆ, ನಾನು ಮಾತಾಡಿದೆ. ನಾಲಗೆ ಆಡಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

“ನೀವ್ ಹೋಗಿ, ನಾ ಬನ್ನೆ. ಒಲೆಲಿ ಹಾಲುಟ್ಟು.”

ನೀವು ಹೋಗಿ, ನಾನು ಬರುತ್ತೇನೆ, ಒಲೆಯ ಮೇಲೆ ಹಾಲಿದೆ ಎಂದರ್ಥ. ನಮ್ಮ ಮನೆಯಲ್ಲಿ ಅರೆಭಾಷೆ ಇಲ್ಲ. ಶಾಲೆಯಲ್ಲಿ, ಬಸ್ಸಿನಲ್ಲಿ ಕೇಳಿ ಅರ್ಥವಾಗುತ್ತದೆ, ಬಾಯಲ್ಲಿ ಬರುವುದಿಲ್ಲ. ನನಗೆ ಭಯವಾಯಿತು. ಸತ್ತವರ ಭಯವಲ್ಲ ಅದು. ಇಷ್ಟು ದಿನ ಕಾಯ್ದುಕೊಂಡ ಮೌನವನ್ನು ಏನೋ ಅರ್ಥವಿಲ್ಲದ್ದು ಹೇಳಿ ಕೆಡಿಸಿಬಿಟ್ಟೆನಲ್ಲ, ಮೇಡಂಗೆ ಏನು ಹೇಳಲಿ ಎಂಬ ಭಯ.

ಕುಶಾಲಪ್ಪನವರು ಕಿಟಕಿಯಿಂದ ಮುಖ ತಿರುಗಿಸಿದರು. ನನ್ನನ್ನು ನೋಡಲಿಲ್ಲ. ನನ್ನ ಕುರ್ಚಿಯ ಪಕ್ಕ, ಬಾಗಿಲಿನ ಕಡೆ ನೋಡಿ, ಮನೆಯಲ್ಲಿ ಮಾತಾಡುವಷ್ಟೇ ಸಹಜವಾಗಿ ಹೇಳಿದರು: “ಹಾಲ್ ಹೋದ್ರೆ ಹೋಗ್ಲಿ. ನೀ ಬಾ.”

ಆಮೇಲೆ ಅವರು ಅತ್ತರು. ಅಷ್ಟು ವಯಸ್ಸಾದ ಗಂಡಸು ಹಾಗೆ ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅತ್ತು ಮುಗಿದ ಮೇಲೆ ತಾವೇ ಹೇಳಿದರು. ಅವರು ಕೈ ಹಿಡಿದಿರಲಿಲ್ಲ. ಬೆಳಿಗ್ಗೆ ಹಾಲು ಕರೆದು ತಂದು ಒಲೆಗಿಟ್ಟ ಹೊತ್ತು. ಮೇಲಿನಿಂದ ಲಾರಿ ಬಂದ ಹಾಗೆ ಸದ್ದು ಕೇಳಿ ಇಬ್ಬರೂ ಅಂಗಳಕ್ಕೆ ಬಂದರು. ಹೆಂಡತಿ, ನನ್ನ ಬಾಯಿಂದ ಬಂದ ಅದೇ ಮಾತು ಹೇಳಿ ಒಳಗೆ ತಿರುಗಿದರು. ಕುಶಾಲಪ್ಪನವರು ಉತ್ತರ ಕೊಡದೆ ಹಸುಗಳ ಹಗ್ಗ ಬಿಚ್ಚಿ ದಿಣ್ಣೆ ಹತ್ತಿದರು. ತಿರುಗಿ ನೋಡಿದಾಗ ಮನೆ ಇದ್ದ ಜಾಗದಲ್ಲಿ ಮಣ್ಣಿತ್ತು. ಪರಿಹಾರ ಶಿಬಿರಕ್ಕೆ ಓಡಿಬಂದ ಮಗಳು ಕೇಳಿದಾಗ, ಕೈ ಹಿಡಿದಿದ್ದೆ ಎಂದು ಬಾಯಿಗೆ ಬಂತು. ಒಮ್ಮೆ ಹೇಳಿದ ಮೇಲೆ ಹಿಂದೆ ತೆಗೆದುಕೊಳ್ಳಲು ಆಗಲಿಲ್ಲ. ಅವಳು ಸಮಾಧಾನ ಹೇಳಿದಷ್ಟೂ ಅವರಿಗೆ ಬಾಯಿ ಕಟ್ಟಿಹೋಯಿತು. “ನೀ ಬಾ ಅಂತ ಒಂದು ಮಾತು ಕರೀಲಿಲ್ಲ ಮಿಸ್ ನಾನು. ಬರ್ತಾಳೆ ಅಂತ ಗ್ರಹಿಸಿದೆ” ಎಂದರು. ಹೋಗುವಾಗ, ಮಗಳಿಗೆ ಹೇಳಬೇಡಿ ಎಂದು ಕೇಳಿಕೊಂಡರು. ಹೇಳುವ ಹಕ್ಕು ನನಗೆ ಇರಲೂ ಇಲ್ಲ.

ಅವತ್ತು ಮಧ್ಯಾಹ್ನ ಊಟ ಬಿಟ್ಟು ರೆಕಾರ್ಡ್ ಹಾಕಿಕೊಂಡೆ. ನಾನು ಆಡಿದ ಮಾತು ಬರೆದಿಟ್ಟು ತಪ್ಪೊಪ್ಪಿಕೊಳ್ಳುವುದು ಎಂದುಕೊಂಡಿದ್ದೆ. ಮೌನ ಎಲ್ಲಿಂದ ಶುರು ಎಂದು ಗುರುತು ಹಾಕಿಕೊಂಡೆ. ಗಡಿಯಾರ, ಆಟೊ, ನರ್ಸಿನ ಕೂಗು, ಮತ್ತೆ ಗಡಿಯಾರ. ನಾಲ್ಕು ನಿಮಿಷವಾದ ಮೇಲೆ ಕುಶಾಲಪ್ಪನವರ ದನಿ: “ಹಾಲ್ ಹೋದ್ರೆ ಹೋಗ್ಲಿ. ನೀ ಬಾ.” ಅದಕ್ಕೆ ಮೊದಲು ನನ್ನ ಮಾತು ಇರಲಿಲ್ಲ. ಹಿಂದಕ್ಕೆ ಹಾಕಿ ಕೇಳಿದೆ. ಇಯರ್‌ಫೋನ್ ಹಾಕಿ ಕೇಳಿದೆ. ಟಿಕ್ ಟಿಕ್ ಎಲ್ಲೂ ತುಂಡಾಗಿರಲಿಲ್ಲ.

ಎರಡು ದಿನ ಬಿಟ್ಟು ಮೇಡಂ ಬಂದರು. ನಡೆದದ್ದೆಲ್ಲ ಹೇಳಿದೆ. ಅವರೂ ಮೂರು ಸಲ ಕೇಳಿದರು. ಅವರು ಬೈಯಲಿಲ್ಲ, ನಗಲೂ ಇಲ್ಲ. ನೆನಪು ಎಷ್ಟೋ ಸಲ ಹಿಂದುಮುಂದು ಜೋಡಿಸಿಕೊಳ್ಳುತ್ತದೆ ಎಂದರು. ಕುಶಾಲಪ್ಪನವರೇ ಮೊದಲು ಹಾಲಿನ ಮಾತು ಆಡಿರಬೇಕು, ಆಮೇಲೆ ಅವರ ಕಥೆ ಕೇಳಿ ನಿನ್ನ ಮನಸ್ಸು ಹೆಂಡತಿಯ ಮಾತನ್ನು ಅದಕ್ಕಿಂತ ಹಿಂದೆ ಸೇರಿಸಿರಬೇಕು ಎಂದರು. ಅದು ಸರಿಯಾದ ವಿವರಣೆ. ಈಗ ನನ್ನ ವಿದ್ಯಾರ್ಥಿಗಳು ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನನಗೆ ಅವತ್ತು ಆ ಮಾತಿನ ಹಿಂದೆಯೇ ಹುಟ್ಟಿದ ಭಯ ನೆನಪಿತ್ತು. ಕುಶಾಲಪ್ಪನವರು ಬಾಯಿ ತೆರೆಯುವ ಮೊದಲೇ, ಮೇಡಂಗೆ ಏನು ಹೇಳಲಿ ಎಂದು ನಾನು ಯೋಚಿಸಿಯಾಗಿತ್ತು. ಅದನ್ನೂ ಮೇಡಂಗೆ ಹೇಳಿದೆ. ಕೊನೆಗೆ ಅವರು, ಪರಿಶೀಲಿಸಿದ ಮೇಲೆ ಇಟ್ಟುಕೊಳ್ಳಬಾರದೆಂಬ ನಿಯಮದಂತೆ ರೆಕಾರ್ಡ್ ಅಳಿಸಿಬಿಡು ಎಂದರು. ಅವರ ಎದುರಿನಲ್ಲೇ ಅಳಿಸಿದೆ. ಹಾಗಾಗಿ ಈಗ ತೋರಿಸಲು ನನ್ನ ಬಳಿ ಏನೂ ಇಲ್ಲ.

ಕುಶಾಲಪ್ಪನವರು ಇನ್ನೂ ನಾಲ್ಕು ವಾರ ಬಂದರು. ಹೆಂಡತಿಯ ಬಗ್ಗೆ ಮಾತಾಡಿದರು. ಆಕೆಗೆ ಏಲಕ್ಕಿ ಬಿಡಿಸುವ ಕೆಲಸ ಕಂಡರಾಗುತ್ತಿರಲಿಲ್ಲವಂತೆ. ಮಡಿಕೇರಿಗೆ ಬಂದರೆ ಚಪ್ಪಲಿ ಅಂಗಡಿಯಲ್ಲಿ ಅರ್ಧ ದಿನ ಕಳೆದು ಏನೂ ಕೊಳ್ಳದೆ ಹೊರಡುತ್ತಿದ್ದರಂತೆ. ಇಂಥವೇ. ಆ ಮಾತು ಹೇಗೆ ಬಂತು ಎಂದು ಅವರು ನನ್ನನ್ನು ಕೇಳಲಿಲ್ಲ. ನಾನೂ ಎತ್ತಲಿಲ್ಲ. ನನ್ನ ನಾಲ್ಕು ತಿಂಗಳು ಮುಗಿಯಿತು, ಮೈಸೂರಿಗೆ ಹೋದೆ.

ಮೂರು ವರ್ಷದ ನಂತರ, ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದಾಗ, ಜಯಂತಿ ನನ್ನನ್ನು ಹುಡುಕಿಕೊಂಡು ಬಂದಳು. ತಂದೆ ತೀರಿಕೊಂಡು ತಿಂಗಳಾಗಿತ್ತು. ಎದೆನೋವೆಂದು ಮಲಗಿದವರು ಒಂದು ವಾರ ಇದ್ದರಂತೆ. ಆ ವಾರದಲ್ಲಿ ಎಲ್ಲವನ್ನೂ ತಾವೇ ಅವಳಿಗೆ ಹೇಳಿದ್ದರು. ಕೈ ಹಿಡಿಯದೇ ಇದ್ದದ್ದು, ಹಾಲು, ಹಸುವಿನ ಹಗ್ಗ. ಅವಳು ಅದನ್ನು ಹೇಳುವಾಗ ಕಣ್ಣೊರೆಸಿಕೊಳ್ಳಲೂ ಇಲ್ಲ. “ಕೈ ಹಿಡಿದಿದ್ರಲ್ಲ, ಕೈ ಹಿಡಿದಿದ್ರಲ್ಲ ಅಂತ ದಿನಾ ನಾನೇ ಅಪ್ಪನ್ನ ಚುಚ್ತಿದ್ದೆ ಮೇಡಂ. ಗೊತ್ತಿಲ್ದೆ” ಎಂದಳು.

ಆಮೇಲೆ ಅವಳು ಬಂದ ವಿಷಯಕ್ಕೆ ಬಂದಳು. “ನಿಮ್ಮ ಆ ಆಸ್ಪತ್ರೆ ರೂಮಲ್ಲಿ ಅವ್ವ ಬಂದಿದ್ಳು, ಅದೇ ಮಾತು ಹೇಳಿದ್ಳು, ನಾನು ಈ ಸಲ ಕರೆದೆ ಅಂದ್ರು ಅಪ್ಪ. ಮಿಸ್ಸಿಗೂ ಕೇಳಿಸಿದೆ, ಬೇಕಾದ್ರೆ ಅವರನ್ನೇ ಕೇಳು ಅಂದ್ರು. ನಿಮಗೂ ಕೇಳಿಸ್ತಾ ಮೇಡಂ?”

ನಾನು ಏನು ಹೇಳಬಹುದಿತ್ತು ಎಂದು ಈಗಲೂ ಯೋಚಿಸುತ್ತೇನೆ. ದುಃಖ, ನೆನಪು, ನಿರೀಕ್ಷೆ ಎಂದು ವಿವರಿಸಬಹುದಿತ್ತು. ಮಾತಾಡಿದ್ದು ನಾನು ಎನ್ನಬಹುದಿತ್ತು. ರೆಕಾರ್ಡಿನಲ್ಲಿ ಯಾರೂ ಮಾತಾಡಿರಲಿಲ್ಲ ಎನ್ನಬಹುದಿತ್ತು. ನನಗೆ ಗೊತ್ತಿದ್ದ ಮಟ್ಟಿಗೆ ಮೂರೂ ನಿಜ. ನಾನು “ಕೇಳಿಸ್ತು” ಎಂದೆ.

ಜಯಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎದ್ದು ಹೊರಟವಳು ತಿರುಗಿ, ಸಣ್ಣ ದನಿಯಲ್ಲಿ ಕೇಳಿದಳು: “ಅವ್ವ ಹೆದರಿದ್ಳಾ?”

“ಇಲ್ಲ” ಎಂದೆ. “ಅವಸರದಲ್ಲಿದ್ರು, ಅಷ್ಟೆ.”

ಅವಳು ತಲೆಯಾಡಿಸಿ ಹೋದಳು. ಅವಳಿಗೆ ಸಮಾಧಾನವಾಗಲಿ ಎಂದು ನಾನು ಹಾಗೆ ಹೇಳಿದ್ದಲ್ಲ. ಅಂದು ಆ ಮಾತು ನನ್ನ ಬಾಯಲ್ಲಿದ್ದ ಒಂದು ಗಳಿಗೆ, ಒಲೆಯ ಕಡೆ ಓಡುವ ಧಾವಂತ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಅದು ನನಗೆ ಗೊತ್ತು.